ಥೈರಾಯ್ಡ್ ಜಾಸ್ತಿಯೋ, ಕಡಿಮೆಯೋ?

ಬೆಳಿಗ್ಗೆ ಆರೂವರೆಗೆ ಬೆಂಗಳೂರಿನ ಬೇಗೂರು ರಸ್ತೆಯ ಹೆಚ್ಚಿನ ಅಂಗಡಿಗಳು ಇನ್ನೂ ಶಟರ್ ಎತ್ತಿರುವುದಿಲ್ಲ. ತೆರೆದಿರುವುದು ಹಾಲಿನ ಬೂತು, ಒಂದೆರಡು ದರ್ಶಿನಿ, ಮತ್ತೆ ರಕ್ತ ತೆಗೆಯುವ ಲ್ಯಾಬು. ಲ್ಯಾಬಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ತೋಳು ಮಡಚಿ ಕೂತವರನ್ನು ಮಾತಿಗೆಳೆದರೆ ಶುಗರ್‌ನವರ ನಂತರ ಹೆಚ್ಚು ಕೇಳಿಬರುವ ಉತ್ತರ ಇದು: ‘ನಂಗೆ ಥೈರಾಯ್ಡ್ ಇದೆ.’ ಹಾಗೆ ನೋಡಿದರೆ ಥೈರಾಯ್ಡ್ ಎಲ್ಲರಿಗೂ ಇದೆ. ಕತ್ತಿನ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ, ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಕೂತಿರುವ ಇಪ್ಪತ್ತು ಗ್ರಾಮಿನ ಆಸುಪಾಸಿನ ಗ್ರಂಥಿ ಅದು.

ಮಾತಿನ ಈ ಸಣ್ಣ ತಪ್ಪಿನಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆ ಶುರುವಾಗುವುದು ಸಂಜೆ ರಿಪೋರ್ಟ್ ಮೊಬೈಲಿಗೆ ಬಂದ ಮೇಲೆ. ಟಿಎಸ್‌ಎಚ್ ಮುಂದೆ 8.6 ಎಂಬ ಅಂಕಿ, ಪಕ್ಕದಲ್ಲಿ ದಪ್ಪಗೆ ‘ಎಚ್’ ಅಕ್ಷರ. ‘ಥೈರಾಯ್ಡ್ ಜಾಸ್ತಿ ಬಂದಿದೆ ಕಣ್ರೀ’ ಎನ್ನುವ ಸುದ್ದಿ ಮನೆಯಲ್ಲೆಲ್ಲ ಹರಡುತ್ತದೆ. ಜಾಸ್ತಿಯಾಗಿದ್ದರೆ ಮಾತ್ರೆ ಕಡಿಮೆ ಮಾಡಬೇಕಲ್ಲವೇ? ಅದು ಸಹಜವಾದ ತರ್ಕವೇ. ಆ ತರ್ಕ ಹಿಡಿದು ಮಾತ್ರೆಯನ್ನು ಅರ್ಧಕ್ಕೆ ಮುರಿದು ನುಂಗಿದವರೂ ಇದ್ದಾರೆ. ನಡೆದಿರುವುದು ಮಾತ್ರ ಪೂರ್ತಿ ಉಲ್ಟಾ.

ಟಿಎಸ್‌ಎಚ್ ಥೈರಾಯ್ಡಿನಲ್ಲಿ ಹುಟ್ಟುವ ಹಾರ್ಮೋನ್ ಅಲ್ಲವೇ ಅಲ್ಲ, ಥೈರಾಯ್ಡನ್ನು ಚುರುಕುಗೊಳಿಸುವ ಹಾರ್ಮೋನ್. ಅದನ್ನು ಕಳಿಸುವುದು ಮೆದುಳಿನ ಬುಡದಲ್ಲಿರುವ, ಬಟಾಣಿ ಕಾಳಿನಷ್ಟು ದೊಡ್ಡ ಪಿಟ್ಯೂಟರಿ ಗ್ರಂಥಿ. ಬೇಗೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದವರಿಗೆ ಇದನ್ನು ವಿವರಿಸುವುದು ಸುಲಭ. ಮೇಲಿನ ಟ್ಯಾಂಕಿನಲ್ಲಿ ನೀರು ಇಳಿದರೆ ಮೂರನೇ ಮಹಡಿಯವರು ‘ಮೋಟರ್ ಹಾಕ್ರೀ’ ಎಂದು ಕೂಗುತ್ತಾರೆ. ನೀರು ಇಳಿದಷ್ಟೂ ಕೂಗು ಏರುತ್ತದೆ, ಟ್ಯಾಂಕ್ ತುಂಬಿದರೆ ಕೂಗು ನಿಲ್ಲುತ್ತದೆ. ಆ ನೀರು ಟಿ4, ಅಂದರೆ ಥೈರಾಕ್ಸಿನ್. ಕೂಗು ಟಿಎಸ್‌ಎಚ್. ರಿಪೋರ್ಟಿನಲ್ಲಿ ಟಿಎಸ್‌ಎಚ್ ಹೆಚ್ಚಿದೆ ಎಂದರೆ ನೀರು ಕಡಿಮೆಯಿದೆ ಎಂದರ್ಥ. ಹೈಪೋಥೈರಾಯ್ಡ್, ಅಂದರೆ ಥೈರಾಯ್ಡ್ ಕೆಲಸ ಕುಂದಿದ ಸ್ಥಿತಿ, ಇರುವವರಲ್ಲಿ ಮೋಟರೇ ಕೆಟ್ಟಿದೆ, ಆದ್ದರಿಂದ ದಿನಕ್ಕೊಂದು ಥೈರಾಕ್ಸಿನ್ ಮಾತ್ರೆ ಎಂಬ ಟ್ಯಾಂಕರ್ ನೀರು.

ಈ ಕೂಗಿನವರು ಬಲು ಸೂಕ್ಷ್ಮ. ರಕ್ತದಲ್ಲಿ ಟಿ4 ಅರ್ಧಕ್ಕಿಳಿದರೆ ಟಿಎಸ್‌ಎಚ್ ಎರಡು ಪಟ್ಟಲ್ಲ, ಸುಮಾರು ನೂರು ಪಟ್ಟು ಏರಬಹುದು. ವೈದ್ಯರು ಟಿ4ಗಿಂತ ಟಿಎಸ್‌ಎಚ್ ಅನ್ನು ಹೆಚ್ಚು ನೆಚ್ಚಿಕೊಳ್ಳುವುದು ಇದಕ್ಕೇ. ನೀರಿನ ಮಟ್ಟ ಒಂದಿಂಚು ಇಳಿದದ್ದು ಕಣ್ಣಿಗೆ ಕಾಣದಿದ್ದರೂ ಕೂಗು ಕಿವಿಗೆ ಬೀಳುತ್ತದೆ.

ಇದು ಎಷ್ಟು ಮಂದಿಯ ಪಾಡು? ಬೆಂಗಳೂರೂ ಸೇರಿದಂತೆ ದೇಶದ ಎಂಟು ನಗರಗಳಲ್ಲಿ 5,376 ವಯಸ್ಕರನ್ನು ಸೇರಿಸಿಕೊಂಡು ನಡೆಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಬೇಗೂರಿನಿಂದ ಕೆಲವೇ ಕಿಲೋಮೀಟರ್ ದೂರದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಗಣಪತಿ ಬಂಟ್ವಾಳ ಅದರ ಲೇಖಕರಲ್ಲೊಬ್ಬರು. ಶೇಕಡಾ 10.95 ಮಂದಿಗೆ ಹೈಪೋಥೈರಾಯ್ಡ್ ಇತ್ತು. ಶೇಕಡಾ 3.47 ಮಂದಿಗೆ ತಮಗೆ ಅದು ಇರುವ ವಿಷಯವೇ ಗೊತ್ತಿರಲಿಲ್ಲ. ಒಂದು ಕಾಲಕ್ಕೆ ಥೈರಾಯ್ಡ್ ಎಂದರೆ ಚಿಕ್ಕಮಗಳೂರು, ಕೊಡಗಿನ ಕಡೆಯ ಗಳಗಂಡ, ಅಯೋಡಿನ್ ಕೊರತೆ ಎಂದೇ ಅರ್ಥವಿತ್ತು. ಉಪ್ಪಿಗೆ ಅಯೋಡಿನ್ ಬೆರೆಸಿದ ಮೇಲೆ ಚಿತ್ರ ಬದಲಾಗಿದೆ. ಈಗ ನಗರಗಳಲ್ಲಿ ಹೆಚ್ಚಾಗಿ ಕಾಣುವುದು ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುವ ಹಾಶಿಮೊಟೊ ಕಾಯಿಲೆ. ಆಂಟಿ-ಟಿಪಿಒ ಎಂಬ ಪರೀಕ್ಷೆ ತೋರಿಸುವುದು ಇದನ್ನೇ. ಒಮ್ಮೆ ಪಾಸಿಟಿವ್ ಬಂದರೆ ಸಾಕು. ಪ್ರತಿ ಸಲ ದುಡ್ಡು ಕೊಟ್ಟು ಅದನ್ನೇ ಮಾಡಿಸಿದರೆ ಚಿಕಿತ್ಸೆ ಬದಲಾಗುವುದಿಲ್ಲ, ಪರ್ಸು ಹಗುರಾಗುತ್ತದೆ.

ಇನ್ನು ರಿಪೋರ್ಟುಗಳನ್ನೇ ಬಿಡಿಸಿ ನೋಡೋಣ. ಬೇಗೂರು ಕೆರೆಯ ಹತ್ತಿರದ 48 ವರ್ಷದ ಗೃಹಿಣಿಯೊಬ್ಬರು ಎಂದು ಇಟ್ಟುಕೊಳ್ಳಿ. ತೂಕ 60 ಕಿಲೋ. ಜನವರಿ ಮೊದಲ ವಾರದಲ್ಲಿ ಟಿಎಸ್‌ಎಚ್ 14.2, ಫ್ರೀ ಟಿ4 (ರಕ್ತದ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಥೈರಾಕ್ಸಿನ್) 0.7. ವೈದ್ಯರು 75 ಮೈಕ್ರೊಗ್ರಾಂ ಮಾತ್ರೆ ಬರೆದರು. ಮೂರು ವಾರಕ್ಕೆ ಮನೆಯವರಿಗೆಲ್ಲ ಕೊಂಡಿದ್ದ ‘ಫುಲ್ ಬಾಡಿ ಚೆಕಪ್’ ಪ್ಯಾಕೇಜಿನಲ್ಲಿ ಮತ್ತೆ ರಕ್ತ ಕೊಟ್ಟರು. 8.6 ಬಂತು. ‘ಮಾತ್ರೆ ಕೆಲಸ ಮಾಡ್ತಿಲ್ಲ’ ಎಂದು ಗಾಬರಿ.

ಮಾತ್ರೆ ಕೆಲಸ ಮಾಡುತ್ತಲೇ ಇತ್ತು, ರಕ್ತ ಕೊಟ್ಟದ್ದು ಬೇಗವಾಯಿತು. ಥೈರಾಕ್ಸಿನ್ನಿನ ಅರ್ಧಾಯುಷ್ಯ ಸುಮಾರು ಏಳು ದಿನ. ಹೊಸ ಡೋಸ್ ಶುರುಮಾಡಿದ ಒಂದು ವಾರಕ್ಕೆ ತಲುಪಬೇಕಾದ ಮಟ್ಟದ ಅರ್ಧ, ಎರಡು ವಾರಕ್ಕೆ ಮುಕ್ಕಾಲು, ಮೂರಕ್ಕೆ ಶೇಕಡಾ 87 ಹೀಗೆ ಟ್ಯಾಂಕ್ ನಿಧಾನಕ್ಕೆ ತುಂಬುತ್ತದೆ. ತುಂಬಿದ ಮೇಲೂ ಪಿಟ್ಯೂಟರಿ ನಂಬುವುದಕ್ಕೆ ಇನ್ನಷ್ಟು ದಿನ ಬೇಕು. ಡೋಸ್ ಬದಲಿಸಿದ ಆರರಿಂದ ಎಂಟು ವಾರದ ಮೇಲೆ ಪರೀಕ್ಷೆ ಮಾಡಿಸಿ ಎಂದು ವೈದ್ಯರು ಹೇಳುವುದರ ಹಿಂದಿನ ಲೆಕ್ಕ ಇದು. ಮೂರನೇ ವಾರದ ಅಂಕಿ ನೋಡಿ ಡೋಸ್ ಏರಿಸಿದರೆ ಎರಡು ತಿಂಗಳಲ್ಲಿ ಅದೇ ಹೆಚ್ಚಾಗಿ, ಮತ್ತೆ ಇಳಿಸಿ, ಉಯ್ಯಾಲೆ ಶುರುವಾಗುತ್ತದೆ.

ಏಳನೇ ವಾರಕ್ಕೆ ಅವರ ಟಿಎಸ್‌ಎಚ್ 5.9. ಇಳಿದಿದೆ, ಆದರೆ ಇಳಿಯಬೇಕಾದಷ್ಟು ಇಳಿದಿಲ್ಲ. ಡೋಸ್ ಹೆಚ್ಚಿಸುವ ಮೊದಲು ವೈದ್ಯರು ಕೇಳಬೇಕಾದ ಪ್ರಶ್ನೆ ಒಂದಿದೆ: ‘ಮಾತ್ರೆ ತಗೊಂಡು ಎಷ್ಟು ಹೊತ್ತಿಗೆ ಕಾಫಿ ಕುಡೀತೀರಮ್ಮ?’

ಬೆಂಗಳೂರು ದಕ್ಷಿಣದಲ್ಲಿ ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಸಿಗುವುದು ಕಷ್ಟ. ರಾತ್ರಿಯೇ ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಸುರಿದಿಟ್ಟ ಮನೆಯಲ್ಲಿ ಬೆಳಗಿನ ಡಿಕಾಕ್ಷನ್ ಯಾರಿಗೂ ಕಾಯುವುದಿಲ್ಲ. ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ಲೋಟ. ಎಸ್ಪ್ರೆಸೊ ಜೊತೆ ಮಾತ್ರೆ ನುಂಗಿದವರಲ್ಲಿ ಔಷಧ ಕರುಳಿನಿಂದ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆಂದು ಇಟಲಿಯ ವೈದ್ಯರು 2008ರಲ್ಲೇ ತೋರಿಸಿದ್ದಾರೆ. ನಮ್ಮ ಕಾಫಿಯಲ್ಲಿ ಹಾಲೂ ಇದೆ, ಹಾಲಿನ ಕ್ಯಾಲ್ಸಿಯಂ ಕೂಡ ಮಾತ್ರೆಗೆ ಅಡ್ಡ ಬರುತ್ತದೆ. ರಾಗಿ ಗಂಜಿಯದೂ ಇದೇ ಕಥೆ: ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ. ರಾಗಿ ಬಿಡಬೇಕಿಲ್ಲ, ಕಾಫಿಯನ್ನಂತೂ ಬಿಡುವವರಿಲ್ಲ. ಬರೀ ನೀರಿನಲ್ಲಿ ಮಾತ್ರೆ ನುಂಗಿ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ತಡೆದರೆ ಸಾಕು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಆಂಟಾಸಿಡ್‌ಗಳಿಗೆ ನಾಲ್ಕು ಗಂಟೆ ಅಂತರ ಬೇಕು. ಬೆಳಗಿನ ಗಡಿಬಿಡಿಯಲ್ಲಿ ಇದು ಆಗದ ಮಾತು ಎನ್ನುವವರು ವೈದ್ಯರನ್ನು ಕೇಳಿ ರಾತ್ರಿಗೆ ಬದಲಿಸಿಕೊಳ್ಳಬಹುದು. ಊಟವಾಗಿ ಮೂರು ಗಂಟೆ ಕಳೆದಿರಬೇಕು, ಅಷ್ಟೇ. ಎಲೆಕೋಸು, ಹೂಕೋಸು ಕಂಡರೆ ಹೆದರುವವರು ಬಹಳ. ಅಯೋಡಿನ್ ಉಪ್ಪು ತಿಂದು ಮಾತ್ರೆಯನ್ನೂ ತೆಗೆದುಕೊಳ್ಳುವವರು ಬೇಯಿಸಿದ ಕೋಸಿನ ಪಲ್ಯಕ್ಕೆ ಹೆದರಬೇಕಿಲ್ಲ.

ನಮ್ಮ ಗೃಹಿಣಿ ಡೋಸ್ ಬದಲಿಸಲಿಲ್ಲ, ಕಾಫಿಯನ್ನು ಮುಕ್ಕಾಲು ಗಂಟೆ ಮುಂದೆ ಹಾಕಿದರು. ಎಂಟು ವಾರದ ಮೇಲೆ 2.8.

ರಕ್ತ ಕೊಡುವ ದಿನಕ್ಕೂ ಒಂದು ಕ್ರಮವಿದೆ. ಅವತ್ತು ಮೊದಲು ರಕ್ತ, ಆಮೇಲೆ ಮಾತ್ರೆ. ನುಂಗಿದ ಕೆಲವು ಗಂಟೆ ಫ್ರೀ ಟಿ4 ಏರಿರುತ್ತದೆ, ಆಗ ತೆಗೆದ ರಕ್ತ ಇಲ್ಲದ ಸಮೃದ್ಧಿಯನ್ನು ತೋರಿಸುತ್ತದೆ. ಟಿಎಸ್‌ಎಚ್ ಕೂಡ ದಿನವಿಡೀ ಒಂದೇ ಇರುವುದಿಲ್ಲ: ರಾತ್ರಿ ಏರಿ, ನಸುಕಿನವರೆಗೂ ಮೇಲಿದ್ದು, ಮಧ್ಯಾಹ್ನಕ್ಕೆ ಇಳಿಯುತ್ತದೆ. ಕಳೆದ ಸಲ ಬೆಳಿಗ್ಗೆ ಏಳಕ್ಕೆ ಕೊಟ್ಟು ಈ ಸಲ ಮಧ್ಯಾಹ್ನ ಮೂರಕ್ಕೆ ಕೊಟ್ಟರೆ ಹೋಲಿಕೆಗೆ ಅರ್ಥವಿಲ್ಲ. ಲ್ಯಾಬ್ ಬದಲಾದರೂ ಅಷ್ಟೇ. ಒಂದರಲ್ಲಿ ಸಾಮಾನ್ಯ ಮಿತಿ 0.27ರಿಂದ 4.2, ಇನ್ನೊಂದರಲ್ಲಿ 0.35ರಿಂದ 4.94, ಯಂತ್ರ ಬೇರೆ, ರಾಸಾಯನಿಕ ಬೇರೆ. ಫ್ರೀ ಟಿ4 ಅನ್ನು ಒಬ್ಬರು 1.2 ಎಂದು, ಇನ್ನೊಬ್ಬರು 15.4 ಎಂದು ಅಚ್ಚು ಹಾಕಿದರೆ ಹೌಹಾರಬೇಡಿ. ಎರಡೂ ಒಂದೇ, ಅಳತೆಯ ಮಾನ ಬೇರೆ. ಒಂದೇ ಡೋಸಿನಲ್ಲಿ 2.1 ಇದ್ದದ್ದು 2.9 ಆದರೆ ಅದು ಸುದ್ದಿಯೇ ಅಲ್ಲ.

ಕೆಲವು ರಿಪೋರ್ಟುಗಳು ಒಗಟಿನ ಹಾಗಿರುತ್ತವೆ. ಟಿ4 ಚೆನ್ನಾಗಿದೆ, ಟಿಎಸ್‌ಎಚ್ ಮಾತ್ರ 18. ಅನುಭವಿ ವೈದ್ಯರು ಕನ್ನಡಕ ಇಳಿಸಿ ‘ಎಷ್ಟು ದಿನ ಮಾತ್ರೆ ಮರೆತಿದ್ರಿ?’ ಎನ್ನುತ್ತಾರೆ. ತಿಂಗಳೆಲ್ಲ ಬಿಟ್ಟು ಪರೀಕ್ಷೆಗೆ ಮುಂಚಿನ ನಾಲ್ಕು ದಿನ ಶ್ರದ್ಧೆಯಿಂದ ನುಂಗಿದವರ ರಿಪೋರ್ಟ್ ಹೀಗಿರುತ್ತದೆ. ನಿನ್ನೆ ರಾತ್ರಿ ಟ್ಯಾಂಕರ್ ಬಂದಿದೆ, ಮೇಲಿನ ಮನೆಯವರ ಸಿಟ್ಟು ಇಳಿದಿಲ್ಲ.

ಇದಕ್ಕಿಂತ ಮೋಸದ ಒಗಟು ಕೂದಲಿನದು. ಹೈಪೋಥೈರಾಯ್ಡ್‌ನಲ್ಲಿ ಕೂದಲು ಉದುರುತ್ತದೆ, ಉದುರುವ ಕೂದಲಿಗೆಂದು ಜನ ಬಯೋಟಿನ್ ಎಂಬ ವಿಟಮಿನ್ ನುಂಗುತ್ತಾರೆ. ಹಲವು ಲ್ಯಾಬ್ ಯಂತ್ರಗಳು ಪರೀಕ್ಷೆಗೆ ಬಳಸುವುದೂ ಬಯೋಟಿನ್ ಅಂಟಿಸಿದ ರಾಸಾಯನಿಕಗಳನ್ನೇ. ರಕ್ತದಲ್ಲಿ 10 ಮಿಲಿಗ್ರಾಂ ಮಾತ್ರೆಯ ಬಯೋಟಿನ್ ಈಜುತ್ತಿದ್ದರೆ ಯಂತ್ರಕ್ಕೆ ಲೆಕ್ಕ ತಪ್ಪಿ, ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಫ್ರೀ ಟಿ4 ಇರುವುದಕ್ಕಿಂತ ಹೆಚ್ಚು ಎಂದು ಬರೆದುಕೊಡುತ್ತದೆ. ಡೋಸ್ ಜಾಸ್ತಿಯಾದವರ ಚಿತ್ರವೂ ಹುಬೇಹೂಬು ಇದೇ. ಬಯೋಟಿನ್ ಲ್ಯಾಬ್ ಪರೀಕ್ಷೆಗಳನ್ನು ಕೆಡಿಸುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಎಚ್ಚರಿಕೆ ಕೊಟ್ಟಿತು. ರಕ್ತ ಕೊಡುವ ಮೊದಲು ಕನಿಷ್ಠ ಎರಡು ದಿನ ಅದನ್ನು ನಿಲ್ಲಿಸಬೇಕು. ‘ಅದು ಔಷಧಿಯಲ್ಲ, ವಿಟಮಿನ್ ಅಷ್ಟೇ’ ಎಂದುಕೊಂಡು ವೈದ್ಯರಿಗೆ ಹೇಳದಿರುವವರೇ ಹೆಚ್ಚು.

‘ಎಚ್’ ಕಂಡ ಕೂಡಲೇ ಎಲ್ಲರಿಗೂ ಡೋಸ್ ಏರಿಸಬೇಕೆಂದೂ ಇಲ್ಲ. ಲ್ಯಾಬಿನ ಕಂಪ್ಯೂಟರಿಗೆ ಮುಂದೆ ಕೂತವರು ಇಪ್ಪತ್ತೆಂಟರವರೋ ಎಪ್ಪತ್ತೆಂಟರವರೋ ಎಂಬ ಭೇದ ಸಾಮಾನ್ಯವಾಗಿ ಇರುವುದಿಲ್ಲ. ವಯಸ್ಸಾದಂತೆ ಟಿಎಸ್‌ಎಚ್ ತಾನಾಗಿ ಸ್ವಲ್ಪ ಮೇಲೇರುತ್ತದೆ. ಎಪ್ಪತ್ತು ಎಂಬತ್ತು ದಾಟಿದವರಲ್ಲಿ 4ರಿಂದ 6ರ ನಡುವೆ ಇದ್ದರೂ ಸರಿಯೆಂದು ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2014ರಲ್ಲಿ ಹೇಳಿದೆ. ಅಜ್ಜಿಯ 5.4 ಅನ್ನು ಹಟ ಹಿಡಿದು 1ಕ್ಕೆ ಇಳಿಸಲು ಹೋದರೆ ಎದೆಬಡಿತ ತಾಳ ತಪ್ಪುವ, ಮೂಳೆ ಸವೆಯುವ ಅಪಾಯವನ್ನು ದುಡ್ಡು ಕೊಟ್ಟು ತಂದುಕೊಂಡ ಹಾಗೆ.

ಮೊಮ್ಮಗಳ ವಿಷಯ ಬೇರೆ. ಮಾತ್ರೆಯಲ್ಲಿರುವ ಹೆಣ್ಣುಮಗಳು ಗರ್ಭಿಣಿಯಾದರೆ ಥೈರಾಕ್ಸಿನ್ ಅಗತ್ಯ ಕೆಲವೇ ವಾರಗಳಲ್ಲಿ ಕಾಲುಭಾಗ, ಕೆಲವರಲ್ಲಿ ಇನ್ನೂ ಹೆಚ್ಚು ಏರುತ್ತದೆ. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳಿಗೆ ಬೇಕಾದ ಹಾರ್ಮೋನ್ ತಾಯಿಯಿಂದಲೇ ಬರಬೇಕು. ಗರ್ಭ ಖಚಿತವಾದ ಕೂಡಲೇ ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ ಎಂಬ ಸೂತ್ರ ಅದೇ ಅಸೋಸಿಯೇಷನ್ನಿನ 2017ರ ಮಾರ್ಗಸೂಚಿಯಲ್ಲಿದೆ. ಅದನ್ನು ಮದುವೆಯ ನಂತರದ ಮೊದಲ ಭೇಟಿಯಲ್ಲೇ ವೈದ್ಯರೊಡನೆ ಮಾತಾಡಿಕೊಂಡಿರುವುದು ಒಳ್ಳೆಯದು. ಮಾತ್ರೆಯಲ್ಲಿರುವ ಗರ್ಭಿಣಿಯರಲ್ಲಿ ಟಿಎಸ್‌ಎಚ್ 2.5ರ ಒಳಗಿರಬೇಕು, ಅರ್ಧ ಅವಧಿಯವರೆಗೆ ಸುಮಾರು ನಾಲ್ಕು ವಾರಕ್ಕೊಮ್ಮೆ ನೋಡಬೇಕು. ಅಂಟಿದ್ದು, ಬಿಡಿಯಾದದ್ದು ಎರಡೂ ಸೇರಿದ ‘ಟೋಟಲ್ ಟಿ4’ ಆ ಸಮಯದಲ್ಲಿ ಹೇಗೂ ಏರುವುದರಿಂದ ಮೊದಲಿನ ಮಿತಿಗೆ ಅದನ್ನು ಹೋಲಿಸುವಂತಿಲ್ಲ.

ಕೂಗುವವರ ಗಂಟಲೇ ಕಟ್ಟಿದ್ದರೆ? ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ ಪಿಟ್ಯೂಟರಿ ಸೊರಗುವ ಶೀಹನ್ ಸಿಂಡ್ರೋಮ್ ನಮ್ಮ ದೇಶದಲ್ಲಿ ಇನ್ನೂ ಕಾಣುತ್ತದೆ. ಅಂಥವರಲ್ಲಿ ಟಿ4 ತಳ ಕಂಡಿದ್ದರೂ ಟಿಎಸ್‌ಎಚ್ ‘ನಾರ್ಮಲ್’ ಎನ್ನಬಹುದು. ಅವರ ಚಿಕಿತ್ಸೆ ನಡೆಯುವುದು ಫ್ರೀ ಟಿ4 ನೋಡಿಯೇ.

ಅಂಕಿ ಸರಿಯಾಗಿದೆ, ಆಯಾಸ ಹೋಗಿಲ್ಲ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಹಾಗೆಂದು ಎಲ್ಲ ಆಯಾಸವನ್ನೂ ಥೈರಾಯ್ಡಿನ ತಲೆಗೆ ಕಟ್ಟುವಂತೆಯೂ ಇಲ್ಲ. ಹಿಮೋಗ್ಲೋಬಿನ್, ಬಿ12, ನಿದ್ದೆ, ಗೊರಕೆ, ಮನಸ್ಸಿನ ಬೇಸರ ಇವನ್ನೂ ನೋಡಬೇಕು. ಅಂಕಿ ಹುಟ್ಟುವ ಮೊದಲು ವೈದ್ಯರಿಗೆ ದಾರಿ ತೋರಿಸುತ್ತಿದ್ದುದು ರೋಗಿಯ ಮೈ ಮಾತ್ರ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರೆ ಎಂಬ ಯುವ ವೈದ್ಯ 46 ವರ್ಷದ ಹೆಂಗಸೊಬ್ಬಳಿಗೆ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚಿದ. ಊದಿದ ಮುಖ ಇಳಿಯಿತು, ಮಾತು ಚುರುಕಾಯಿತು. ಟಿಎಸ್‌ಎಚ್ ಅಳೆಯುವ ಪರೀಕ್ಷೆ ಬಂದದ್ದು 1960ರ ದಶಕದಲ್ಲಿ. ಅದರ ಹಂಗಿಲ್ಲದೆ ಆಕೆ 28 ವರ್ಷ ಬಾಳಿ 1919ರಲ್ಲಿ, 74ರ ಪ್ರಾಯದಲ್ಲಿ ತೀರಿಕೊಂಡಳು. ಅಷ್ಟು ವರ್ಷಕ್ಕೆ ಆಕೆಗೆ ಬೇಕಾದದ್ದು 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಎಂದು ಮರೆ ಲೆಕ್ಕ ಬರೆದಿಟ್ಟಿದ್ದಾನೆ. ಬೇಗೂರಿನ ಮೆಡಿಕಲ್ ಶಾಪಿನಲ್ಲಿ ಈಗ ಮೂರು ತಿಂಗಳ ಥೈರಾಕ್ಸಿನ್ ಅಂಗೈಯೊಳಗೆ ಮುಚ್ಚಿಹೋಗುವ ಒಂದು ಡಬ್ಬಿಯಲ್ಲಿ ಸಿಗುತ್ತದೆ, 25 ಡಿಗ್ರಿಗಿಂತ ತಂಪಾದ ಜಾಗದಲ್ಲಿಡಿ ಎಂಬ ಸಣ್ಣಕ್ಷರದ ಸೂಚನೆಯೊಂದಿಗೆ. ಹೆಚ್ಚಿನ ಮನೆಗಳಲ್ಲಿ ಆ ಡಬ್ಬಿ ಇರುವುದು ಗ್ಯಾಸ್ ಒಲೆಯ ಮೇಲಿನ ಶೆಲ್ಫಿನಲ್ಲಿ, ಕಾಫಿಪುಡಿಯ ಪಕ್ಕ.