ಮೊಪೆಡ್‌ನ ಪಿಕಪ್ ಕುಸಿದಾಗ: ಎಂಜಿನ್ ಬಿಚ್ಚಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹಳ್ಳಿಗಳಲ್ಲಿ ಮೊಪೆಡ್ ಸವಾರಿಗಿಂತ ಹೆಚ್ಚಾಗಿ ಸಾಗಣೆಯ ಸಾಧನವಾಗಿದೆ. ಹಾಲಿನ ಕ್ಯಾನು ಡೇರಿಗೆ, ಹಿಪ್ಪುನೇರಳೆ ಸೊಪ್ಪು ಹುಳು ಸಾಕುವ ಮನೆಗೆ, ರೇಷ್ಮೆಗೂಡು ವಿಜಯಪುರದ ಮಾರುಕಟ್ಟೆಗೆ, ಮಗ್ಗದ ಮನೆಯ ಸೀರೆಗಂಟು ದೊಡ್ಡಬಳ್ಳಾಪುರದ ಅಂಗಡಿಗೆ ತಲುಪುವುದು ಬಹುಮಟ್ಟಿಗೆ ಅದರ ಮೇಲೆಯೇ. ಪಂಚಾಯಿತಿಯ ನೀರುಗಂಟಿಗಳಲ್ಲಿ ಹಲವರು ಒಂದು ಕೊಳವೆಬಾವಿಯಿಂದ ಇನ್ನೊಂದಕ್ಕೆ ತಿರುಗುವುದೂ ಅದರಲ್ಲಿಯೇ. ಇಂತಹ ವಾಹನ ಏರಿನಲ್ಲಿ ಎಳೆಯದೆ ನಿಂತರೆ ಆ ದಿನದ ಸಂಪಾದನೆಯೂ ನಿಲ್ಲುತ್ತದೆ. ಆಗ ಸಿಗುವ ಮೊದಲ ಸಲಹೆ ಸಾಮಾನ್ಯವಾಗಿ ‘ಎಂಜಿನ್ ಹೋಗಿದೆ, ಬೋರ್ ಮಾಡಿಸಬೇಕು’ ಎಂಬುದು. ಅದು ಅತ್ಯಂತ ದುಬಾರಿ ಕೆಲಸ; ಆದುದರಿಂದ ಕೊನೆಯಲ್ಲಿ ಯೋಚಿಸಬೇಕಾದುದು. ಖರ್ಚಿಲ್ಲದೆ ಕಾಣುವ ಕಾರಣಗಳನ್ನು ಮೊದಲು ನೋಡುವ ಕ್ರಮವನ್ನು ಸದಸ್ಯರು ತಿಳಿದಿದ್ದರೆ ತಮ್ಮ ವಾರ್ಡಿನ ಅನೇಕ ಕುಟುಂಬಗಳಿಗೆ ಅನವಶ್ಯಕ ವೆಚ್ಚವನ್ನು ತಪ್ಪಿಸಬಹುದು.

ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಹಾದು ಸಾಗುವ ರಾಷ್ಟ್ರೀಯ ಹೆದ್ದಾರಿ 648 ಕೊನೆಗೊಳ್ಳುವುದು ಹೊಸೂರಿನಲ್ಲಿ. ಇಬ್ಬರು ಕುಳಿತು ಹೋಗಬಲ್ಲ ಟಿವಿಎಸ್ 50 ಮೊಪೆಡ್ 1980ರಲ್ಲಿ ಹೊರಬಂದದ್ದು ಆ ಊರಿನಿಂದಲೇ. ಇಂದು ಜಿಲ್ಲೆಯ ರಸ್ತೆಗಳಲ್ಲಿ ಮೂರು ಬಗೆಯ ಮೊಪೆಡ್‌ಗಳಿವೆ: ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸಬೇಕಾದ ಹಳೆಯ ಟೂ ಸ್ಟ್ರೋಕ್, ಕಾರ್ಬುರೇಟರ್ ಇರುವ ಫೋರ್ ಸ್ಟ್ರೋಕ್, ಮತ್ತು 2020ರ ಏಪ್ರಿಲ್ 1ರಂದು ಜಾರಿಯಾದ ಬಿಎಸ್ 6 ನಿಯಮಕ್ಕೆ ತಕ್ಕಂತೆ ಬಂದ ಫ್ಯುಯೆಲ್ ಇಂಜೆಕ್ಷನ್ ಮಾದರಿ. ದೋಷದ ಲಕ್ಷಣ ಒಂದೇ ಆಗಿದ್ದರೂ ಕಾರಣ ಬೇರೆ ಬೇರೆ ಇರಬಹುದಾದ್ದರಿಂದ ವಾಹನ ಯಾವ ಬಗೆಯದು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ಅನಂತರ ಕೇಳಬೇಕಾದ ಪ್ರಶ್ನೆ, ಎಂಜಿನ್ ನಿಜವಾಗಿಯೂ ದುರ್ಬಲವಾಗಿದೆಯೇ ಎಂಬುದು. ವಾಹನವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹಿಂಬದಿ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಬೇಕು. ಚಕ್ರ ಸಲೀಸಾಗಿ ಸುತ್ತದೆ ಉಜ್ಜಿದ ಸದ್ದಿನೊಡನೆ ಬೇಗ ನಿಂತರೆ ಬ್ರೇಕ್ ಶೂ ಹಿಡಿದಿದೆ ಅಥವಾ ಬೇರಿಂಗ್ ಕೆಟ್ಟಿದೆ ಎಂದರ್ಥ. ಮಳೆಗಾಲದಲ್ಲಿ ಕೆಸರು ತುಂಬಿ ಬ್ರೇಕ್ ಹಿಂದಕ್ಕೆ ಸರಿಯದಿರುವುದು ಸಾಮಾನ್ಯ. ಸ್ವಲ್ಪ ದೂರ ಓಡಿಸಿದ ಮೇಲೆ ಬ್ರೇಕ್ ಡ್ರಮ್ ಸುಡುವಷ್ಟು ಬಿಸಿಯಾಗಿದ್ದರೆ ಅನುಮಾನವೇ ಬೇಡ. ಅತಿಯಾಗಿ ಬಿಗಿದ ಚೈನು ಮತ್ತು ಗಾಳಿ ಕಡಿಮೆಯಿರುವ ಟೈರು ಸಹ ಇದೇ ರೀತಿ ಶಕ್ತಿಯನ್ನು ನುಂಗುತ್ತವೆ. ಎಂಜಿನ್ ಜೋರಾಗಿ ಕೂಗುತ್ತಿದ್ದರೂ ವಾಹನ ಮುಂದಕ್ಕೆ ಸಾಗದಿದ್ದರೆ ಅದು ಕ್ಲಚ್ ಜಾರುತ್ತಿರುವ ಸೂಚನೆ. ಬೋರ್ ಮಾಡಿಸಿದರೆ ಅದು ಸರಿಹೋಗುವುದಿಲ್ಲ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಕೇಬಲ್ ಪೂರ್ತಿ ಎಳೆಯುತ್ತಿದೆಯೇ ಎಂಬುದನ್ನೂ ನೋಡಬೇಕು. ಮುಂಭಾಗದಲ್ಲಿ ಮೂಟೆ ಇಡುವ ವಾಹನಗಳಲ್ಲಿ ಕೇಬಲ್ ಒತ್ತಿಹೋಗಿರುವ ಸಾಧ್ಯತೆ ಇರುತ್ತದೆ.

ಹೊರೆಯ ಲೆಕ್ಕವನ್ನೂ ಮರೆಯಬಾರದು. 40 ಲೀಟರಿನ ಒಂದು ಕ್ಯಾನಿನಲ್ಲಿರುವ ಹಾಲಿನ ತೂಕವೇ ಸುಮಾರು 41 ಕಿಲೋ. ಎರಡು ಕ್ಯಾನು ಹಾಗೂ ಸವಾರ ಸೇರಿದರೆ, ಕ್ಯಾನಿನ ಸ್ವಂತ ತೂಕ ಬಿಟ್ಟರೂ, 145 ಕಿಲೋ ದಾಟುತ್ತದೆ. ಕೈಪಿಡಿಯಲ್ಲಿ ನಮೂದಿಸಿದ ಮಿತಿಯನ್ನು ಮೀರಿ ಹೇರಿ, ಏರಿನಲ್ಲಿ ಎಳೆಯಲಿಲ್ಲವೆಂದು ಎಂಜಿನ್ನನ್ನು ದೂರುವುದು ಸರಿಯಲ್ಲ.

ಚಕ್ರ ಮತ್ತು ಹೊರೆಯಲ್ಲಿ ದೋಷ ಕಾಣದಿದ್ದರೆ ಗಾಳಿಯ ದಾರಿಯನ್ನು ನೋಡಬೇಕು. ಜಿಲ್ಲೆ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಗಾಳಿ ಸ್ವಲ್ಪ ತೆಳು. ಆದರೆ ಅದು ಎಂದಿಗೂ ಇರುವ ಸ್ಥಿತಿ, ಇತ್ತೀಚೆಗೆ ಕುಸಿದ ಪಿಕಪ್‌ಗೆ ಕಾರಣವಲ್ಲ. ನಿಜವಾದ ಶತ್ರು ಧೂಳು. ಕಲ್ಲುಕ್ವಾರಿ, ಕ್ರಷರ್ ಮತ್ತು ಹೊಸ ಬಡಾವಣೆಗಳ ಮಣ್ಣುರಸ್ತೆಗಳಲ್ಲಿ ದಿನವೂ ಓಡಾಡುವ ಮೊಪೆಡ್‌ನ ಏರ್ ಫಿಲ್ಟರ್ ಕೈಪಿಡಿ ಹೇಳುವುದಕ್ಕಿಂತ ಬೇಗ ಮುಚ್ಚಿಹೋಗುತ್ತದೆ. ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚಾದಾಗ ಹೊಗೆ ಕಪ್ಪಾಗುತ್ತದೆ, ಮೈಲೇಜ್ ಇಳಿಯುತ್ತದೆ, ಎಳೆತ ಕುಗ್ಗುತ್ತದೆ. ಫಿಲ್ಟರನ್ನು ಅದರ ಬಗೆಗೆ ತಕ್ಕಂತೆ ಶುಚಿಗೊಳಿಸಬೇಕು ಅಥವಾ ಬದಲಾಯಿಸಬೇಕು. ಕಾಗದದ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆಯಲೇಬಾರದು.

ಕೆಲವರು ಪಿಕಪ್ ಬರಲೆಂದು ಫಿಲ್ಟರನ್ನೇ ತೆಗೆದುಹಾಕುತ್ತಾರೆ. ಕೆಲವು ದಿನ ವಾಹನ ಚುರುಕಾದಂತೆ ತೋರಬಹುದು. ಆದರೆ ಕಲ್ಲಿನ ಸಣ್ಣ ಪುಡಿ ನೇರವಾಗಿ ಸಿಲಿಂಡರಿಗೆ ಇಳಿದು ಪಿಸ್ಟನ್ ರಿಂಗು ಮತ್ತು ಬೋರನ್ನು ಸವೆಸುತ್ತದೆ. ಅಗತ್ಯವಿಲ್ಲದಿದ್ದ ಬೋರ್ ಕೆಲಸ ಆಗ ನಿಜವಾಗಿಯೂ ಅಗತ್ಯವಾಗುತ್ತದೆ. ಈ ಒಂದು ತಪ್ಪನ್ನು ಗ್ರಾಮಗಳಲ್ಲಿ ತಡೆಯಲು ಸಾಧ್ಯವಾದರೂ ದೊಡ್ಡ ಉಪಕಾರ.

ಪೆಟ್ರೋಲಿನ ವಿಷಯದಲ್ಲಿ ಎಥನಾಲ್ ಕುರಿತು ಹಳ್ಳಿಗಳಲ್ಲಿ ಚರ್ಚೆ ಹೆಚ್ಚು. ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನಿಂದ ಅದಕ್ಕಾಗಿ ಸಿದ್ಧಪಡಿಸದ ದ್ವಿಚಕ್ರ ವಾಹನಗಳ ಇಂಧನ ದಕ್ಷತೆ ಶೇಕಡ 3ರಿಂದ 4ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿದೆ. ಏರಿನಲ್ಲಿ ವಾಹನ ನಿಂತೇಹೋಗುವುದನ್ನು ಇಷ್ಟು ಅಲ್ಪ ವ್ಯತ್ಯಾಸ ವಿವರಿಸಲಾರದು. ಆದರೆ ಎಥನಾಲ್ ನೀರನ್ನು ಹೀರುವ ಗುಣವುಳ್ಳದ್ದು. ಹಳೆಯ ವಾಹನಗಳ ರಬ್ಬರ್ ಪೈಪನ್ನು ಕೆಡಿಸಲೂಬಹುದು. ಬಹುದಿನ ನಿಂತ ಮೊಪೆಡ್‌ನಲ್ಲಿ ಟ್ಯಾಂಕಿನ ತಳದ ನೀರು, ಪೆಟ್ರೋಲ್ ನಲ್ಲಿಯ ಜಾಲರಿ ಮತ್ತು ಕಾರ್ಬುರೇಟರಿನ ಜೆಟ್ಟನ್ನು ಶುಚಿಗೊಳಿಸಿದರೆ ಸಮಸ್ಯೆ ಬಗೆಹರಿಯುವುದುಂಟು. ಕೆಲವು ಕಿಲೋಮೀಟರ್ ಚೆನ್ನಾಗಿ ಓಡಿ ಅನಂತರ ಸೊರಗುವ ವಾಹನದ ಟ್ಯಾಂಕಿನ ಮುಚ್ಚಳ ತೆರೆದು ನೋಡಬೇಕು. ತೆರೆದಾಗ ‘ಸುಸ್’ ಎಂದು ಗಾಳಿ ಒಳಗೆ ನುಗ್ಗಿ, ಮತ್ತೆ ವಾಹನ ಸರಿಯಾಗಿ ಓಡಿದರೆ ಮುಚ್ಚಳದ ಗಾಳಿರಂಧ್ರ ಮುಚ್ಚಿದೆ ಎಂದು ತಿಳಿಯಬೇಕು. ಮಳೆ ನೀರು ಇಳಿಯದಿರಲೆಂದು ಮುಚ್ಚಳದಡಿ ಪ್ಲಾಸ್ಟಿಕ್ ಕವರ್ ಸಿಕ್ಕಿಸಿದವರ ವಾಹನದಲ್ಲಿಯೂ ಇದೇ ಆಗುತ್ತದೆ.

ಅಂಗಡಿಗಳಲ್ಲಿ ಬಾಟಲಿಯಲ್ಲಿ ಮಾರುವ ಪೆಟ್ರೋಲಿನ ಗುಣಮಟ್ಟಕ್ಕೆ ಯಾರ ಹೊಣೆಯೂ ಇಲ್ಲ. ಮಾರಾಟಕ್ಕಾಗಿ ಪೆಟ್ರೋಲ್ ಇಡಲು ಪರವಾನಗಿ ಬೇಕೆಂಬುದನ್ನೂ, ಅದು ಬೆಂಕಿಯ ಅಪಾಯವೆಂಬುದನ್ನೂ ಸದಸ್ಯರು ಅಂಗಡಿಯವರಿಗೆ ತಿಳಿಸಬೇಕು. ಬಂಕಿನಲ್ಲಿ ಅನುಮಾನ ಬಂದರೆ ಫಿಲ್ಟರ್ ಪೇಪರ್ ಪರೀಕ್ಷೆಯನ್ನು ಕೇಳುವ ಹಕ್ಕು ಗ್ರಾಹಕರಿಗಿದೆ.

ಸ್ಪಾರ್ಕ್ ಪ್ಲಗ್ ಎಂಜಿನ್ನಿನೊಳಗಿನ ಸ್ಥಿತಿಯನ್ನು ತಿಳಿಸುವ ಸಾಕ್ಷಿ. ತುದಿ ತಿಳಿಕಂದು ಬಣ್ಣದ್ದಾಗಿದ್ದರೆ ಸರಿ. ಒಣ ಕಪ್ಪು ಮಸಿ ಗಾಳಿಯ ಕೊರತೆಯನ್ನೂ, ಸುಟ್ಟ ಬಿಳುಪು ಪೆಟ್ರೋಲಿನ ಕೊರತೆ ಅಥವಾ ಗಾಳಿ ಸೋರಿಕೆಯನ್ನೂ, ಎಣ್ಣೆಯ ತೇವ ಫೋರ್ ಸ್ಟ್ರೋಕಿನಲ್ಲಿ ಆಯಿಲ್ ಒಳಸೇರುತ್ತಿರುವುದನ್ನೂ ಹೇಳುತ್ತದೆ.

ಟೂ ಸ್ಟ್ರೋಕ್ ವಾಹನಗಳಲ್ಲಿ ಬಹುಪಾಲು ಕಡೆಗಣಿಸಲ್ಪಡುವುದು ಸೈಲೆನ್ಸರ್. ಆಯಿಲ್ ಸುಟ್ಟ ಮಸಿ ಹೊಗೆದಾರಿಯಲ್ಲಿ ಗಟ್ಟಿಯಾಗಿ ಅಂಟಿಕೊಂಡು ಹೊಗೆ ಹೊರಹೋಗದಂತೆ ಮಾಡುತ್ತದೆ. ಲೀಟರಿಗೆ ಸಾಮಾನ್ಯವಾಗಿ 20 ಮಿಲಿಲೀಟರ್ 2ಟಿ ಆಯಿಲ್ ಸಾಕಾಗುವಲ್ಲಿ, ಎಂಜಿನ್ನಿಗೆ ಒಳ್ಳೆಯದೆಂದು ಎರಡು ಪಟ್ಟು ಸುರಿದರೆ ಮಸಿ ಬೇಗ ಕಟ್ಟುತ್ತದೆ. ಕಡಿಮೆ ಹಾಕಿದರೆ ಪಿಸ್ಟನ್ ಹಿಡಿಯುತ್ತದೆ. ಮಸಿ ಕೆರೆಯಿಸುವುದು ಕಡಿಮೆ ಖರ್ಚಿನ ಕೆಲಸ. ಸೈಲೆನ್ಸರಿನ ಒಳಭಾಗವನ್ನೇ ಕಿತ್ತುಹಾಕಿಸಿದರೆ ಸದ್ದು ಹೆಚ್ಚಿ ದಂಡಕ್ಕೆ ದಾರಿಯಾಗುತ್ತದೆಯೇ ಹೊರತು ಎಳೆತ ಹೆಚ್ಚುವುದಿಲ್ಲ.

ಇವೆಲ್ಲ ಸರಿಯಿದ್ದೂ ಕಿಕ್ ಮೊದಲಿಗಿಂತ ತೀರ ಹಗುರಾಗಿ ಇಳಿಯುತ್ತಿದ್ದರೆ, ಫೋರ್ ಸ್ಟ್ರೋಕಿನಲ್ಲಿ ನೀಲಿ ಹೊಗೆ ಬಂದು ಆಯಿಲ್ ಮಟ್ಟ ಇಳಿಯುತ್ತಿದ್ದರೆ, ಆಗ ಎಂಜಿನ್ನನ್ನು ಅನುಮಾನಿಸಬೇಕು. ಫೋರ್ ಸ್ಟ್ರೋಕಿನಲ್ಲಿ ಮೊದಲು ಟ್ಯಾಪೆಟ್ ಅಂತರವನ್ನು ಸರಿಪಡಿಸಿ, ಅನಂತರ ಪ್ಲಗ್ ರಂಧ್ರದ ಮೂಲಕ ಅರ್ಧ ಚಮಚ ಎಂಜಿನ್ ಆಯಿಲ್ ಬಿಟ್ಟು ಕಂಪ್ರೆಷನ್ ಪರೀಕ್ಷಿಸಿದಾಗ ಅದು ಗಟ್ಟಿಯಾದರೆ ಸವೆದಿರುವುದು ರಿಂಗು ಅಥವಾ ಬೋರು; ಬದಲಾವಣೆ ಕಾಣದಿದ್ದರೆ ದೋಷ ವಾಲ್ವ್‌ನಲ್ಲಿರುವ ಸಂಭವ ಹೆಚ್ಚು. ಇಂಜೆಕ್ಷನ್ ಮಾದರಿಯಲ್ಲಿ ಎಂಜಿನ್ ಸೂಚನಾ ದೀಪ ಆರದೆ ಉರಿಯುತ್ತಿದ್ದರೆ ದೋಷಸಂಕೇತ ಓದುವ ಉಪಕರಣವಿರುವ ಕೇಂದ್ರಕ್ಕೆ ಒಯ್ಯುವುದೇ ಸರಿ. ಅಲ್ಲಿ ಊಹೆಯ ಮೇಲೆ ಬಿಡಿಭಾಗ ಬದಲಾಯಿಸುವುದು ದುಬಾರಿಯಾಗುತ್ತದೆ.

ದುರಸ್ತಿಗೆ ಒಪ್ಪುವ ಮುನ್ನ ಯಾವ ಪರೀಕ್ಷೆಯಿಂದ ದೋಷ ತಿಳಿಯಿತು ಎಂದು ಕೇಳುವಂತೆ, ಬದಲಾಯಿಸಿದ ಹಳೆಯ ಭಾಗಗಳನ್ನು ಮರಳಿ ಪಡೆಯುವಂತೆ, ಬಿಲ್ಲಿನಲ್ಲಿ ಭಾಗ ಮತ್ತು ಕೂಲಿಯನ್ನು ಬೇರೆಯಾಗಿ ಬರೆಸುವಂತೆ ಸದಸ್ಯರು ವಾಹನ ಮಾಲೀಕರಿಗೆ ತಿಳಿಸಬಹುದು. ಪಂಚಾಯಿತಿಯ ಸ್ವಂತ ವಾಹನಗಳ ದುರಸ್ತಿ ಬಿಲ್ಲು ಸಭೆಯ ಮುಂದೆ ಬಂದಾಗಲೂ ಇದೇ ಮೂರು ಅಂಶಗಳನ್ನು ಕೇಳಬೇಕು.