ಗುಣವಾದ ಮೇಲಿನ ಮರೆವು

ವಿಷಮಶೀತಜ್ವರದಿಂದ ಎದ್ದವನು ನಾಲ್ಕು ಹೆಜ್ಜೆ ನಡೆದು ಏದುಸಿರು ಬಿಟ್ಟರೆ ಮನೆಯವರಾರೂ ಅವನನ್ನು ಸೋಮಾರಿಯೆಂದು ಜರೆಯುವುದಿಲ್ಲ. ಆದರೆ ರೋಗ ತಗಲಿದುದು ಮನಸ್ಸಿಗೆ ಎಂದಾದರೆ ನಮ್ಮ ಸಹನೆ ಬಹುಬೇಗ ಬತ್ತುತ್ತದೆ. "ಈಗ ಗುಣವಾಗಿದೆಯಲ್ಲ, ಇನ್ನೇನು ಧಾಡಿ?" ಎಂಬ ಮಾತು ಸಲೀಸಾಗಿ ಹೊರಬೀಳುತ್ತದೆ.

ವೈದ್ಯರು 'ಬೈಪೋಲಾರ್' ಎನ್ನುವ ದ್ವಿಧ್ರುವ ಮನೋರೋಗದಲ್ಲಿ ಈ ಮಾತು ಬಹಳ ನೋಯಿಸುತ್ತದೆ. ಈ ರೋಗದಲ್ಲಿ ಮನಸ್ಸು ಕೆಲಕಾಲ ಉನ್ಮಾದಕ್ಕೇರುತ್ತದೆ. ನಿದ್ದೆ ಬೇಕಿಲ್ಲ, ಮಾತಿಗೆ ತಡೆಯಿಲ್ಲ, ಹಣಕ್ಕೆ ಲೆಕ್ಕವಿಲ್ಲ. ಮತ್ತೆ ಕೆಲಕಾಲ ಖಿನ್ನತೆಗೆ ಕುಸಿಯುತ್ತದೆ. ನಡುನಡುವೆ ನೆಮ್ಮದಿಯ ದಿನಗಳೂ ಉಂಟು. 1899ರಲ್ಲಿ ಜರ್ಮನಿಯ ಎಮಿಲ್ ಕ್ರೇಪಲಿನ್ ಇದನ್ನು, ಬುದ್ಧಿಯನ್ನು ಕ್ರಮೇಣ ಕುಂದಿಸುವ ಮತ್ತೊಂದು ಮನೋರೋಗದಿಂದ ಬೇರ್ಪಡಿಸಿದರು. ಆವೇಗ ಇಳಿದೊಡನೆ ಬುದ್ಧಿ ಮೊದಲಿನಂತೆಯೇ ತಿಳಿಯಾಗುತ್ತದೆ ಎಂಬ ನಂಬಿಕೆ ಬಹುಕಾಲ ಉಳಿದುಬಂದಿತು.

ಈಚಿನ ದಶಕಗಳ ಸಂಶೋಧನೆ ಆ ನಂಬಿಕೆಯನ್ನು ಸಡಿಲಿಸಿದೆ. ಎಲ್ಲರಲ್ಲಿ ಅಲ್ಲದಿದ್ದರೂ ಅನೇಕರಲ್ಲಿ ನೆಮ್ಮದಿಯ ದಿನಗಳಲ್ಲಿಯೂ ಅವಧಾನ, ನೆನಪು, ಯೋಜನಾಶಕ್ತಿ ಇವು ಕೊಂಚ ಮಂಕಾಗಿರುತ್ತವೆ. ಓದಿದ ಪುಟವನ್ನೇ ಮತ್ತೆ ಓದಬೇಕಾಗುತ್ತದೆ. ತರಹೇಳಿದ ಐದು ಸಾಮಾನುಗಳಲ್ಲಿ ಎರಡು, ಅಂಗಡಿ ತಲುಪುವುದರೊಳಗೆ ಮರೆತಿರುತ್ತವೆ. ಕಚೇರಿಯ ಲೆಕ್ಕಕ್ಕೆ ಮೊದಲಿನ ಎರಡರಷ್ಟು ಹೊತ್ತು ಹಿಡಿಯುತ್ತದೆ.

ಇದಕ್ಕೆ ದೇಹದಲ್ಲಿ ಏನಾದರೂ ಕುರುಹು ಉಂಟೆ? ವಿಜ್ಞಾನಿಗಳು ಹುಡುಕುತ್ತಲೇ ಇದ್ದಾರೆ. ನರಕೋಶಗಳನ್ನು ಪೋಷಿಸುವ ಬಿ.ಡಿ.ಎನ್.ಎಫ್. ಎಂಬ ಪ್ರೋಟೀನು ರೋಗ ಉಲ್ಬಣಿಸಿದಾಗ ರಕ್ತದಲ್ಲಿ ಇಳಿಯುವುದುಂಟು. ಉರಿಯೂತವನ್ನು ಸೂಚಿಸುವ ಕೆಲವು ವಸ್ತುಗಳು ಏರುವುದುಂಟು. 6,500ಕ್ಕೂ ಹೆಚ್ಚು ರೋಗಿಗಳ ಮತ್ತು ಆರೋಗ್ಯವಂತರ ಮಿದುಳಿನ ಚಿತ್ರಗಳನ್ನು ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ರೋಗಿಗಳಲ್ಲಿ ಮಿದುಳಿನ ಹೊರಪದರ ಕೆಲವೆಡೆ ತುಸು ತೆಳುವಾಗಿರುವುದನ್ನು ತೋರಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರೂ ಎನ್.ಸಿ.ಬಿ.ಎಸ್. ವಿಜ್ಞಾನಿಗಳೂ ಕೂಡಿ, ಒಂದೇ ಮನೆತನದ ಹಲವರಿಗೆ ಮನೋರೋಗ ಬಂದಿರುವ ಕುಟುಂಬಗಳನ್ನು ಅಭ್ಯಸಿಸಿದ್ದಾರೆ.

ಆದರೆ ಬಿ.ಡಿ.ಎನ್.ಎಫ್. ಬರಿಯ ಖಿನ್ನತೆಯಲ್ಲಿಯೂ ಇಳಿಯುತ್ತದೆ. ಉರಿಯೂತ ಕೀಲುನೋವಿನಲ್ಲಿಯೂ ಏರುತ್ತದೆ. ಮಧುಮೇಹಕ್ಕೆ ಸಕ್ಕರೆಯ ಪರೀಕ್ಷೆಯಿರುವಂತೆ ಈ ಮರೆವಿಗೆ ರಕ್ತಪರೀಕ್ಷೆ ಇನ್ನೂ ಇಲ್ಲ. ಚೀಟಿಯಲ್ಲಿ ಬರೆದುಕೊಡಲಾಗದ ಕಷ್ಟವನ್ನು ಜನ ನಂಬುವುದಿಲ್ಲ. ರೋಗಿಯ ಸಂಕಟವಿರುವುದು ಇಲ್ಲಿಯೇ.

ಹಾಗೆಂದು ಕೈಚೆಲ್ಲಬೇಕಾಗಿಲ್ಲ. ನಿದ್ರಾಭಂಗ, ಉಳಿದುಕೊಂಡ ಖಿನ್ನತೆ, ಕೆಲವೊಮ್ಮೆ ಔಷಧ, ಇವೂ ಮಂಕನ್ನು ತರಬಲ್ಲವು. ಲಿಥಿಯಂ ಸೇವಿಸುವವರಲ್ಲಿ ಥೈರಾಯ್ಡ್ ಗ್ರಂಥಿ ಕುಂದಬಹುದು. ಅದನ್ನು ರಕ್ತಪರೀಕ್ಷೆಯಿಂದ ಅರಿತು ಸರಿಪಡಿಸಬಹುದು. ಆದರೆ ವೈದ್ಯರನ್ನು ಕೇಳದೆ ಔಷಧ ಬಿಡುವುದು ಅಪಾಯ. ರೋಗ ಹಲವು ಬಾರಿ ಮರುಕಳಿಸಿದವರಲ್ಲಿಯೇ ಈ ತೊಡಕು ಹೆಚ್ಚಾಗಿ ಕಂಡಿದೆ. ಸ್ಪೇನಿನ ವೈದ್ಯರು ವಾರಕ್ಕೊಂದರಂತೆ 21 ಪಾಠಗಳಲ್ಲಿ ನೆನಪು, ಅವಧಾನಗಳ ಉಪಾಯಗಳನ್ನು ಕಲಿಸಿದಾಗ ರೋಗಿಗಳ ದೈನಂದಿನ ವ್ಯವಹಾರ ಸುಧಾರಿಸಿತೆಂದು 2013ರಲ್ಲಿ ವರದಿಯಾಯಿತು.

ಮನೆಯವರು ಮಾಡಬಹುದಾದುದು ಇನ್ನೂ ಸುಲಭ. ಒಮ್ಮೆಗೆ ಒಂದೇ ಕೆಲಸ ಹೇಳುವುದು, ಸಾಮಾನಿನ ಪಟ್ಟಿಯನ್ನು ಬರೆದುಕೊಡುವುದು, ನಿದ್ದೆಯ ವೇಳೆಯನ್ನು ಕಾಯುವುದು. ಎಲ್ಲಕ್ಕಿಂತ ಮೊದಲು, 'ಸೋಮಾರಿ' ಎಂಬ ಮಾತನ್ನು ಮನೆಯಿಂದಾಚೆ ಇಡುವುದು. ಅದಕ್ಕೆ ಯಾವ ಪ್ರಯೋಗಶಾಲೆಯ ಅಪ್ಪಣೆಯೂ ಬೇಕಿಲ್ಲ.