ಊರೆಲ್ಲಾ ಮೆಚ್ಚಿದರೂ ಕಾಗದ ಬೇಕು!

“ಹುಡುಗ ಭಾಳ ಶ್ಯಾಣ್ಯಾ ಅದಾನ” ಎಂದು ಗೋಕಾಕದ ಪ್ಯಾಟಿಯೆಲ್ಲಾ ಹೇಳಿದರೂ ಅಮೇರಿಕೆಯ ವಲಸೆ ಕಚೇರಿ ಒಪ್ಪುವುದಿಲ್ಲ. ಎಷ್ಟು ಶ್ಯಾಣ್ಯಾ, ಯಾರು ಹೇಳಿದರು, ಎಲ್ಲಿ ಬರೆದಿದೆ ಎಂದು ಅದು ಕೇಳುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಓದಿ, ಬೆಂಗಳೂರು, ಪುಣೆ ದಾಟಿ, ಅಮೇರಿಕೆಯಲ್ಲೇ ಕಾಯಂ ನಿಲ್ಲಬೇಕೆನ್ನುವವರಿಗೆ ಇದೇ ದೊಡ್ಡ ಪರೀಕ್ಷೆ. ಉತ್ತರದ ಅರ್ಧ ಮಾತ್ರ ಇಲ್ಲಿಯೇ, ಹಳೇ ಮಾಲಕರ ಕಪಾಟಿನಲ್ಲಿ ಬಿದ್ದಿರುತ್ತದೆ.

ಅಮೇರಿಕೆಯ 1990ರ ವಲಸೆ ಕಾಯ್ದೆ ನೌಕರಿ ಮೇಲೆ ಬರುವವರನ್ನು ದರ್ಜೆ ದರ್ಜೆಯಾಗಿ ವಿಂಗಡಿಸಿದೆ. ಕನಿಷ್ಠ ಎರಡು ವರ್ಷದ ತರಬೇತಿ ಅಥವಾ ಅನುಭವ ಬೇಡುವ ಕೆಲಸದ ಕುಶಲ ಕೆಲಸಗಾರ ಮೂರನೇ ದರ್ಜೆ. ವಿಜ್ಞಾನ, ಕಲೆ ಇಲ್ಲವೆ ವ್ಯಾಪಾರದಲ್ಲಿ ‘ಅಸಾಧಾರಣ ಸಾಮರ್ಥ್ಯ’ ಉಳ್ಳವನು ಎರಡನೇ ದರ್ಜೆ. ಇದಕ್ಕೆ ನೊಬೆಲ್ ಬಹುಮಾನವೇನೂ ಬೇಕಿಲ್ಲ. ಆ ಕಸುಬಿನಲ್ಲಿ ಸಾಮಾನ್ಯವಾಗಿ ಕಾಣುವುದಕ್ಕಿಂತ ಸಾಕಷ್ಟು ಮೇಲಿನ ಪರಿಣತಿ ಇರಬೇಕು, ಅಷ್ಟೆ.

ಆ ‘ಅಷ್ಟೆ’ಯಲ್ಲೇ ಎಲ್ಲಾ ಇದೆ! ಡಿಗ್ರಿ ಅಥವಾ ಡಿಪ್ಲೊಮಾ, ಪೂರ್ಣಾವಧಿ 10 ವರ್ಷ ದುಡಿದ ಬಗ್ಗೆ ಮಾಲಕರ ಪತ್ರ, ವೃತ್ತಿಯ ಲೈಸೆನ್ಸು, ಸಾಮರ್ಥ್ಯಕ್ಕೆ ತಕ್ಕ ದೊಡ್ಡ ಪಗಾರ, ವೃತ್ತಿ ಸಂಘದ ಸದಸ್ಯತ್ವ, ಸಹೋದ್ಯೋಗಿಗಳೋ ಸರಕಾರವೋ ವ್ಯಾಪಾರಿ ಸಂಘವೋ ಕೊಟ್ಟ ಮನ್ನಣೆ, ಈ ಆರರಲ್ಲಿ ಮೂರಾದರೂ ತೋರಿಸಬೇಕು. ಬರೀ ಡಿಗ್ರಿ ಸಾಲದೆಂದು ಕಾಯ್ದೆಯೇ ಹೇಳುತ್ತದೆ. ಮೂರು ಇಟ್ಟ ಮೇಲೂ ಅಧಿಕಾರಿ ಎಲ್ಲವನ್ನೂ ಕೂಡಿಸಿ ತೂಗುತ್ತಾನೆ.

ಹೆಚ್ಚಿನವರು ಎಡವುವುದು ಅನುಭವದ ಪತ್ರದಲ್ಲಿ. ಕೆಲಸ ಬಿಡುವ ದಿನ ಪತ್ರ ಕೇಳಿದರೆ ನಮ್ಮ ಕಡೆ ಬರುವ ಉತ್ತರ ಗೊತ್ತೇ ಇದೆ: “ನೀ ಮನೀ ಹುಡುಗ ಇದ್ದಂಗಪಾ, ನಿನಗ್ಯಾಕ ಪತ್ರ? ಯಾವಾಗ ಬೇಕಂದ್ರೂ ಬಾ.” ಪ್ರೀತಿಯೇನೋ ಖರೆ, ಪತ್ರ ಮಾತ್ರ ಇಲ್ಲ. ಹತ್ತು ವರ್ಷದ ಮೇಲೆ ಹೋದರೆ ಸಾವಕಾರರು ತೀರಿಕೊಂಡಿರುತ್ತಾರೆ, ಕಾರಖಾನೆಗೆ ಬೀಗ ಬಿದ್ದಿರುತ್ತದೆ. ಕೊಟ್ಟರೂ “ಇವರು ನಮ್ಮಲ್ಲಿ ಪ್ರಾಮಾಣಿಕವಾಗಿ ಸೇವೆ ಸಲ್ಲಿಸಿದ್ದಾರೆ” ಎಂಬ ಒಂದೇ ಸಾಲು. ಅದು ನಡೆಯುವುದಿಲ್ಲ. ಬರೆದವರ ಹೆಸರು, ಹುದ್ದೆ, ವಿಳಾಸ ಇರಬೇಕು. ಹುಡುಗ ಯಾವ ಯಾವ ಕೆಲಸ ಮಾಡಿದ ಎಂಬುದು ಬಿಡಿಸಿ ಬರೆದಿರಬೇಕು. ಮಾಲಕರ ಪತ್ರ ಸಿಗುವಂತೆಯೇ ಇಲ್ಲದಿದ್ದರೆ ಬೇರೆ ದಾಖಲೆಗಳನ್ನು ಪರಿಗಣಿಸಲು ನಿಯಮದಲ್ಲಿ ಅವಕಾಶ ಉಂಟು, ಆದರೆ ಅವನ್ನು ಹುಡುಕುವುದರಲ್ಲೇ ಕಾಲ ಕಳೆಯುತ್ತದೆ.

ಸನ್ಮಾನದ ಮಾತೂ ಹಾಗೆಯೇ. ಶಾಲು ಹೊದಿಸಿ, ಹಾರ ಹಾಕಿ, ಫೋಟೋ ಹೊಡೆಸುವುದರಲ್ಲಿ ನಮ್ಮ ಸಂಘ ಸಂಸ್ಥೆಗಳಿಗೆ ಸರಿಸಾಟಿ ಇಲ್ಲ. ಯಾವ ಸಾಧನೆಗೆ ಎಂದು ಬರೆಯುವುದೊಂದೇ ಮರೆಯುತ್ತಾರೆ! ಕಸುಬಿಗೆ ಈತ ಕೊಟ್ಟದ್ದೇನು ಎಂಬ ನಾಲ್ಕು ಸಾಲಿನ ಪತ್ರದ ಮುಂದೆ ಶಾಲಿಗೆ ಬೆಲೆಯಿಲ್ಲ.

ಹಾಗಾದರೆ ಗೋಕಾಕದ ಕಟ್ಟಿಗೆಯ ಹಣ್ಣು ಮಾಡುವವನ ಪಾಡೇನು? ಹಣ್ಣು ಎಷ್ಟು ಖರೆ ಕಾಣುತ್ತದೆಂದರೆ ಕೈಯಲ್ಲಿ ಹಿಡಿದರೇ ಗೊತ್ತಾಗುವುದು. ಆದರೆ ಅಪ್ಪನ ಕೈಯಿಂದ ಮಗ ಕಲಿತ ವಿದ್ಯೆಗೆ ಸಹಿ ಹಾಕುವವರು ಯಾರು? ಆರು ಬಗೆಯೂ ಆ ಕಸುಬಿಗೆ ಹೊಂದದಿದ್ದರೆ ಅದಕ್ಕೆ ಸಮನಾದ ಬೇರೆ ಪುರಾವೆ ಕೊಡಬಹುದೆಂಬ ನಿಯಮ ಇದೆ. ಅದೂ ಕಾಗದವೇ, ಬಾಯಿಮಾತಲ್ಲ.

ಕನ್ನಡದ ದಾಖಲೆಗಳಿಗೆ ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ಅನುವಾದ ಸರಿಯಾಗಿದೆ, ತನಗೆ ಎರಡೂ ಭಾಷೆ ಬರುತ್ತವೆ ಎಂದು ಅನುವಾದಕನೇ ಬರೆದುಕೊಟ್ಟರೆ ನಡೆಯುತ್ತದೆ. ಇದಕ್ಕೆ ನೋಟರಿ ಮುದ್ರೆಯನ್ನು ನಿಯಮ ಕೇಳುವುದಿಲ್ಲ. ದುಡ್ಡು ಎಣಿಸುವ ಮುಂಚೆ ಇಷ್ಟು ಗೊತ್ತಿರಲಿ.

ಇಷ್ಟೆಲ್ಲಾ ಆದ ಮೇಲೆ ಪಾಳಿ. ನೌಕರಿ ಮೇಲೆ ವರ್ಷಕ್ಕೆ ಸುಮಾರು 1,40,000 ಕಾಯಂ ವೀಸಾ ಇದ್ದರೂ ಸಾಮಾನ್ಯವಾಗಿ ಒಂದು ದೇಶಕ್ಕೆ ಶೇಕಡಾ 7ರ ಮಿತಿ. ಹೀಗಾಗಿ ಎರಡನೇ ದರ್ಜೆಯ ಭಾರತೀಯರು ಹತ್ತು ವರ್ಷಕ್ಕೂ ಮೇಲೆ ಕಾಯುತ್ತಿದ್ದಾರೆ. ಪಾಳಿಯ ತಾರೀಖು ಅರ್ಜಿ ಒಳಗೆ ಹೋದ ದಿನದಿಂದ ಲೆಕ್ಕ. ಹುಕ್ಕೇರಿಯ ಹಳೇ ಮಾಲಕರ ಸಹಿಗಾಗಿ ಆರು ತಿಂಗಳು ಅಲೆದು ಅರ್ಜಿ ತಡವಾದರೆ, ಆ ಆರು ತಿಂಗಳಲ್ಲಿ ಅರ್ಜಿ ಹಾಕಿದವರೆಲ್ಲಾ ಮುಂದೆ ನಿಂತಿರುತ್ತಾರೆ.